ಮೌಲಾಸಾಬನ ಹೊಲದಾಗ ಕರಕಿ

ಆಗದ ಹೋಗದ ಕೆಲಸಕ್ಕೆ ಬೆಳ್ಳಟ್ಟಿಯವರು ‘ಮೌಲಾಸಾಬನ ಹೊಲದಾಗ ಕರಕಿ ಹುಡುಕಿದಂಗ’ ಅನ್ನುತ್ತಾರೆ. ಮಾತು ಸುಳ್ಳಲ್ಲ. ಗಣಪ್ಪನ ತಲೆಯ ಮೇಲೆ ಗರಿಕೆ ಎನ್ನಿಸಿಕೊಂಡು ಮೆರೆಯುವ ಹುಲ್ಲೇ ಹೊಲಕ್ಕೆ ಇಳಿದರೆ ಕರಕಿ, ರೈತನ ವೈರಿ. ಬೇಸಿಗೆಯಲ್ಲಿ ಮಂದಿ ಲಗ್ನ, ನೆಂಟಸ್ತಿಕೆ ಎಂದು ತಿರುಗುವಾಗ ಮೌಲಾಸಾಬ ಗುದ್ದಲಿ ಹಿಡಿದು ಹೊಲ ಸೇರುತ್ತಾನೆ. ಒಂದು ಗಿಣ್ಣು ಮಣ್ಣಲ್ಲಿ ಉಳಿದರೂ ಮಳೆಗಾಲಕ್ಕೆ ಅದು ಸಂಸಾರ ಹೂಡುತ್ತದೆಂದು ಅವನಿಗೆ ಗೊತ್ತು. ಬೇರು ಎಲ್ಲಿಯ ತನಕ ಹೋಗಿದೆಯೋ ಅಲ್ಲಿಯ ತನಕ ಅಗೆದು, ಕಿತ್ತು, ಒಣಗಿಸಿ, ಸುಟ್ಟ ಮೇಲೆಯೇ ಅವನಿಗೆ ರೊಟ್ಟಿ ರುಚಿಸುವುದು. ಹೊಲದ ವಿಷಯದಲ್ಲಿ ಊರಿನವರೆಲ್ಲರ ಮಾತು ಅವನ ಕಿವಿಗೆ ಬೀಳುತ್ತದೆ, ಹೆಂಡತಿಯದೊಂದು ಬಿಟ್ಟು.

ಹೆಂಡತಿ ಖಾತುನಬಿಗೆ ಬೇಕಾದದ್ದು ಹೊಂಡದ ನೀರು. ಹೊಲದ ಇಳಿಜಾರಿನ ತುದಿಗೆ ಕೃಷಿ ಹೊಂಡ ತೋಡಿಸಿದ ವರ್ಷ, ಅದರ ಪಕ್ಕದ ತುಂಡು ನೆಲದಲ್ಲಿ ಅವಳು ಮೆಣಸಿನ ಸಸಿ ಬೆಳೆಸಲು ಹಿಡಿದಳು. ಶಿರಹಟ್ಟಿಯಿಂದಲೂ ರೈತರು ಬಂದು ಒಯ್ದರು. ‘ಖಾತುನಬಿ ಸಸಿ ಅದಾವೇನ್ರಿ?’ ಎಂದು ಯಾರೋ ಹೆಸರು ಹಿಡಿದು ಕೇಳಿದಾಗ ಅವಳಿಗಾದ ಹಿಗ್ಗು ಅಷ್ಟಿಷ್ಟಲ್ಲ. ಮರುವರ್ಷ ಏರಿ ಕುಸಿಯಿತು. ತೋಡಿದ ಮಣ್ಣನ್ನೇ ಸುತ್ತ ಒಟ್ಟಿ ಮಾಡಿದ ಏರಿ. ಅದೂ ಉಸುಕು ಬೆರೆತ ಸಡಿಲ ಮಸಾರಿ ಮಣ್ಣು. ಮಳೆನೀರು ಇಳಿದಲ್ಲೆಲ್ಲ ಕೊರಕಲು ಬಿದ್ದು ಅರ್ಧ ಹೊಂಡ ಹೂಳು ತುಂಬಿತು. ಸಸಿ ಗೇಣುದ್ದ ಆಗುವ ಮೊದಲೇ ನೀರು ತೀರಿ, ಮಡಿಗಳೆಲ್ಲ ಒಣಗಿದವು. ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲ ಎಂದು ಖಾತುನಬಿ ಅಂದೇ ನಿಶ್ಚಯಿಸಿದಳು.

ಈ ಬೇಸಿಗೆಯಲ್ಲಿ ಹೂಳು ತೆಗೆಸಿದರು. ಮೌಲಾಸಾಬ ಏರಿಗೆ ಉಸುಕಿನ ಚೀಲ ಒಟ್ಟಿದ, ಕಲ್ಲು ಹೊಂದಿಸಿದ. ಆಮೇಲೆ ಕುರ್ಪಿ ತಗೊಂಡು ಏರಿಯ ಮೇಲಿನ ಹುಲ್ಲನ್ನೆಲ್ಲ ಕೆತ್ತಿ, ಸಾರಿಸಿದ ಅಂಗಳದಂತೆ ನುಣ್ಣಗೆ ಮಾಡಿ, ಮೀಸೆ ತಿರುವಿದ. ಖಾತುನಬಿ ಏರಿಯ ಮೇಲೆ ಒಂದು ಸುತ್ತು ಬಂದಳು. ಎಲ್ಲ ಕಡೆ ಹಳೆಯ ಕೊರಕಲಿನ ಗುರುತಿತ್ತು, ಜಾಲಿಕಂಟಿಯ ಮೂಲೆಯಲ್ಲಿ ಮಾತ್ರ ಇರಲಿಲ್ಲ. ಮುಳ್ಳಿನ ಸಲುವಾಗಿ ಗಂಡನ ಕುರ್ಪಿ ಮುಟ್ಟದ ಆ ಜಾಗದಲ್ಲಿ ಕರಕಿ ಚಾಪೆಯಂತೆ ಹಾಸಿಕೊಂಡಿತ್ತು. ಅವಳು ಜಗ್ಗಿ ನೋಡಿದಳು. ಹುಲ್ಲು ಹರಿಯಿತು, ಮಣ್ಣು ಅಲುಗಲಿಲ್ಲ.

“ನೋಡ್ರಿ, ಮಣ್ಣು ಹಿಡದದ್ದು ಇದ ಒಂದು. ಏರಿ ತುಂಬ ಇದನ್ನ ಹಚ್ಚೋಣು,” ಅಂದಳು.

ಮೌಲಾಸಾಬ ಹಾವು ತುಳಿದವನಂತೆ ಹಿಂದೆ ಸರಿದ. “ತಲಿ ಕೆಟ್ಟೈತೇನ ನಿನಗ? ಏರಿ ಮ್ಯಾಲ ಹಚ್ಚಿದ್ದು ಏರಿ ಮ್ಯಾಲ ಕುಂದರತೈತೇನು? ಹಿಂಗಾರಿ ಬರೂದ್ರಾಗ ಹೊಲ ತುಂಬ ಹಬ್ಬತೈತಿ. ನನ್ನ ಜನ್ಮದ ದುಡಿಮಿ ನೀರಾಗ ಹಾಕ್ಲೇನು?”

“ಏರೀನ ಇರದಿದ್ರ, ಹಾಕಾಕ ನೀರರ ಎಲ್ಲಿರತೈತ್ರಿ?”

ಅವನು ಕುರ್ಪಿ ಎತ್ತಿಕೊಂಡು ಹೊಲದತ್ತ ನಡೆದ. ಖಾತುನಬಿ ಬುಟ್ಟಿ ಹಿಡಿದು ಕೆಳಗಿನ ಹೊಲದ ದ್ಯಾಮಪ್ಪನ ಬಳಿ ಹೋದಳು. ಏರಿ ಕುಸಿದಾಗ ಹೂಳು ಹೋಗಿ ಕೂತದ್ದು ಅವನ ಶೇಂಗಾದ ಮೇಲೆಯೇ. ಅವನ ಬದುವಿನ ಬದಿಗೆ ಕಿತ್ತು ಹಾಕಿದ ಕರಕಿಯ ಗುಡ್ಡೆಯೇ ಬಿದ್ದಿತ್ತು.

“ಅಷ್ಟೂ ಒಯ್ಯಿ ತಂಗೀ, ಪುಣ್ಯ ಬರತೈತಿ,” ಅಂದ ದ್ಯಾಮಪ್ಪ. “ಆದ್ರ ಸಾಬ ಕೇಳಿದ್ರ ನನ್ನ ಹೆಸರು ಹೇಳಬ್ಯಾಡ.”

ಸಂಜೆಯೊಳಗೆ ಅವಳು ಒಂದು ಸಾಲು ಹಚ್ಚಿದಳು. ಮರುದಿನ ನೋಡಿದರೆ ಅಷ್ಟೂ ಕಿತ್ತು ಬದಿಗೆ ಬಿದ್ದಿತ್ತು. ಜಗಳ ಮಾಡದೆ ಮತ್ತೆ ಹಚ್ಚಿದಳು. ಅವನೂ ಜಗಳ ಮಾಡದೆ ಮತ್ತೆ ಕಿತ್ತ. ಹೆಂಡತಿ ಹಚ್ಚುವುದು, ಗಂಡ ಕೀಳುವುದು. ದಾರಿಯಲ್ಲಿ ಹೋಗುವವರಿಗೆ ಪುಕ್ಕಟೆ ತಮಾಷೆ. “ನೀವು ಕೀಳ್ರಿ, ನಾ ಹಚ್ಚತೀನಿ,” ಅಂದಳು ಖಾತುನಬಿ. “ಯಾರ ರಟ್ಟಿ ಮೊದಲ ಸೋಲತೈತಿ ನೋಡೋಣು.” ಒಳಗೊಳಗೆ ಮಾತ್ರ ಅವಳಿಗೆ ಅಂಜಿಕೆ ಇತ್ತು. ಮಡಿಯಲ್ಲಿ ಬೀಜ ಮೊಳೆತಿದ್ದವು, ಪಡುವಣದಲ್ಲಿ ದಿನಾ ಮೋಡ ಕಟ್ಟುತ್ತಿತ್ತು.

ಮಳೆ ಬಂದದ್ದು ಒಂದು ಮಧ್ಯಾಹ್ನ, ಬುತ್ತಿ ಬಿಚ್ಚುವ ಹೊತ್ತಿಗೆ. ಮೇಲಿನ ಹೊಲಗಳ ನೀರೆಲ್ಲ ಓಡಿ ಬಂದು ಹೊಂಡ ತುಂಬತೊಡಗಿತು. ಬಿಸಿಲಿಗೆ ಜೀರ್ಣವಾಗಿದ್ದ ಚೀಲಗಳು ಹರಿದು ಉಸುಕು ಸುರಿಯಿತು. ಕೆಳಗಿನ ಏರಿಯಲ್ಲಿ ತೋಳು ತೂರುವಷ್ಟು ಬಾಯಿ ಬಿತ್ತು. ಮೌಲಾಸಾಬ ಸಲಿಕೆಯಿಂದ ಮಣ್ಣು ಹಾಕಿದ. ಚಹಾದಲ್ಲಿ ಸಕ್ಕರೆ ಹಾಕಿದಂತೆ ಹಾಕಿದ್ದೆಲ್ಲ ಕರಗಿ ಹೋಯಿತು. ಅತ್ತ ದ್ಯಾಮಪ್ಪ ಬೊಬ್ಬೆ ಹಾಕುತ್ತ ಓಡಿ ಬಂದ.

ಖಾತುನಬಿ ಗುದ್ದಲಿ ಹಿಡಿದು ಅವನಿಗೆ ಎದುರಾಗಿ ಓಡಿದಳು. “ದ್ಯಾಮಣ್ಣ, ನಿನ್ನ ಬದುವಿನ ಕರಕಿ ಹೆಂಟಿ ಕಡೀಲೇನು?”

“ಬದೂನ ಒಯ್ಯಿ ಬೇಕಾದ್ರ!” ಎಂದ ದ್ಯಾಮಪ್ಪ, ಅವಳ ಕೈಯಿಂದ ಗುದ್ದಲಿ ಕಸಿದುಕೊಂಡು ತಾನೇ ಕಡಿಯತೊಡಗಿದ.

ಬೇರಿನ ಜಡೆ ಹೆಣೆದುಕೊಂಡ ದೊಡ್ಡ ದೊಡ್ಡ ಮಣ್ಣಿನ ಹೆಂಟೆಗಳು. ಅವಳು ಬುಟ್ಟಿ ಹೊತ್ತು ತಂದು ಗಂಡನ ಕಾಲ ಬಳಿ ಸುರುವಿದಳು. ಮೌಲಾಸಾಬ ಸಲಿಕೆ ಹಿಡಿದು ಹಾಗೆಯೇ ನಿಂತ. ಏರಿಯ ಇನ್ನೊಂದು ತುಂಡು ಕಳಚಿ ನೀರಿಗೆ ಬಿತ್ತು.

“ಏನ್ ನೋಡ್ತೀರಿ? ತುಳೀರಿ!”

ಅದುವರೆಗೆ ಮಂದಿಯ ಮುಂದೆ ಅವಳು ಅವನ ಮೇಲೆ ದನಿ ಎತ್ತಿದವಳಲ್ಲ. ಅವನು ತುಳಿದ. ಒಂದು ಹೆಂಟೆ ಕೊಚ್ಚಿ ಹೋಯಿತು, ಎರಡನೆಯದು ಕಚ್ಚಿಕೊಂಡಿತು, ಅದರ ಮೇಲೆ ಮತ್ತೊಂದು. ಅವಳು ತಂದಳು, ಅವನು ತುಳಿದ, ದ್ಯಾಮಪ್ಪ ಕಡಿದ. ಮಳೆ ಹಗುರಾಗುವ ಹೊತ್ತಿಗೆ ಸೋರುವ ನೀರು ದಾರದಷ್ಟಾಗಿ, ಆಮೇಲೆ ನಿಂತಿತು. ಖಾತುನಬಿ ಕೆಸರಲ್ಲೇ ಕುಸಿದು ಕೂತು ಅತ್ತಳು. ಹೊಂಡದಲ್ಲಿ ನೀರಿತ್ತು.

ಮರುದಿನ ಬೆಳಿಗ್ಗೆ ಅವಳು ಬುಟ್ಟಿ ಹೊತ್ತು ಹೋದಾಗ ಏರಿಯ ಮೇಲೆ ಗಂಡ ಆಗಲೇ ಕುಕ್ಕರಗಾಲಲ್ಲಿ ಕೂತಿದ್ದ. ಮತ್ತೆ ಕೀಳುತ್ತಿದ್ದಾನೆಂದು ಅವಳು ಬುಟ್ಟಿ ಇಳಿಸಿ ಧಾವಿಸಿದಳು. ಅವನು ಹಚ್ಚುತ್ತಿದ್ದ.

“ನೀ ಹಚ್ಚಿದಂಗ ಹಚ್ಚಿದ್ರ ಒಂದೂ ಬದುಕೂದುಲ್ಲ,” ಎಂದು ಸಿಡುಕಿದ. “ಎರಡು ಗಿಣ್ಣು ಮಣ್ಣಾಗಿರಬೇಕು, ಒಂದು ಮ್ಯಾಲ. ಓರೆ ಇಟ್ಟು ತುಳೀಬೇಕು. ಇದನ್ನ ಕೊಲ್ಲಾಕ ನಾ ಎಷ್ಟು ಒದ್ದಾಡೀನಿ, ನನಗ ಗೊತ್ತಿಲ್ಲೇನು ಇದು ಹೆಂಗ ಬದುಕತೈತಂತ?”

ಖಾತುನಬಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಏರಿಗೂ ಹೊಲಕ್ಕೂ ನಡುವೆ ಮೊಣಕಾಲಾಳದ ಕಾಲುವೆ ತೋಡಿ, “ಇದನ್ನ ದಾಟಿದ್ದಕ್ಕ ಮಾಫಿ ಇಲ್ಲ,” ಅಂದ.

ಮಳೆಗಳು ಬಂದು ಹೋದವು. ಏರಿ ಹಸಿರಾಯಿತು, ಕೊರಕಲು ಬೀಳಲಿಲ್ಲ. ಮಡಿಗೆ ನೀರು ಹಾಯಿಸುತ್ತಿದ್ದ ಒಂದು ದಿನ ಖಾತುನಬಿ ತಲೆ ಎತ್ತಿ ನೋಡಿದರೆ, ಕರಕಿಯ ಒಂದು ಕುಡಿ ಕಾಲುವೆ ದಾಟಿ ಆಚೆ ದಂಡೆಯ ಮಣ್ಣಿಗೆ ಮೂಗು ಊರಿತ್ತು. ಮೌಲಾಸಾಬ ಕುರ್ಪಿ ಎತ್ತಿದ್ದ. ಎತ್ತಿದವನು ಕೈ ತಡೆದು ಅವಳ ಕಡೆ ತಿರುಗಿದ.

“ಇದನ್ನ ತಗೀಲೇನು?” ಎಂದು ಕೇಳಿದ.

ಏನು ಬಿತ್ತಬೇಕು, ಯಾವಾಗ ಬಿತ್ತಬೇಕು, ಮದುವೆಯಾಗಿ ಬಂದಾಗಿನಿಂದ ಹೊಲದ ಒಂದು ಮಾತನ್ನೂ ಅವನು ಅವಳನ್ನು ಕೇಳಿದ್ದಿಲ್ಲ. ಅವಳು ಅವಸರ ಮಾಡಲಿಲ್ಲ. ಹತ್ತಿರ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ ನೋಡಿದಳು. ಅವನು ಕುರ್ಪಿ ಹಿಡಿದು ಕಾದ.

“ಅದು ಹೊಲದ ಕಡೆ ಐತಿ,” ಅಂದಳು. “ತಗೀರಿ.”