ಮುಗಿಲನಾಡಿನ ಕೀಲಿಕೈ

ನಾನು ಪುಸ್ತಕ. ನನಗೆ ಸಿಟ್ಟು ಬಂದಿದೆ. ಇವತ್ತು ನಿನ್ನೆಯ ಸಿಟ್ಟಲ್ಲ ಇದು, ಹುಟ್ಟಿದ ದಿನದಿಂದ ಮೈಯೊಳಗೇ ಇದೆ. ಪುಸ್ತಕವೆಂದರೆ ಇಟ್ಟಲ್ಲಿ ಬಿದ್ದಿರುವ ಸಾಧು ಪದಾರ್ಥ ಎಂದು ನೀವು ತಿಳಿದಿದ್ದರೆ ನನ್ನ ಕಥೆಯನ್ನು ಸ್ವಲ್ಪ ಕೂತು ಕೇಳಿ.

ನಾನು ಹುಟ್ಟಿದ್ದು ಗದಗಿನ ಒಂದು ಮುದ್ರಣಾಲಯದಲ್ಲಿ. ‘ಮುಗಿಲನಾಡು’ ಎಂಬ ಕಾದಂಬರಿ ಮಾಲೆಯ ಐದನೆಯ ಸಂಪುಟ ನಾನು, ಕೊನೆಯವನು. ಬರೆದವರು ಒಬ್ಬ ಗಣಿತದ ಮಾಸ್ತರರು. ಮುಗಿಲನಾಡು ಅವರ ತಲೆಯೊಳಗೆ ಹುಟ್ಟಿದ ಸೀಮೆ. ಅಲ್ಲಿ ಐದು ಹೊಳೆಗಳು ಮೋಡಗಳ ಮೇಲೆ ಹರಿಯುತ್ತವೆ. ನೆರಳರಸ ಎಂಬ ದುಷ್ಟ ಅವನ್ನೆಲ್ಲ ಕರಿಗಲ್ಲ ಕೋಟೆಯ ಒಂದೇ ಬಾಗಿಲ ಹಿಂದೆ ಕೂಡಿಹಾಕಿದ್ದಾನೆ. ಕೆಳಗಿನ ಊರುಗಳಿಗೆ ಅವನು ಬಿಟ್ಟಷ್ಟೇ ನೀರು. ಕಂಚುಗಾರನ ಮಗಳು ಕಂಚಬ್ಬೆ ಇದನ್ನು ತಾಳಲಾರದೆ ಮನೆ ಬಿಟ್ಟು ಹೊರಡುತ್ತಾಳೆ. ಕಲ್ಲುರೆಕ್ಕೆಯ ಹದ್ದುಗಳನ್ನು ಪಳಗಿಸುತ್ತಾಳೆ, ಉಪ್ಪಿನ ಮರುಭೂಮಿ ದಾಟುತ್ತಾಳೆ, ಎರಡು ಬೆರಳು ಕಳೆದುಕೊಳ್ಳುತ್ತಾಳೆ. ಕೊನೆಗೆ ನೆರಳರಸನನ್ನು ಕೊಂದು ಆ ನೀರಬಾಗಿಲಿನ ಕೀಲಿಕೈ ಹಿಡಿಯುತ್ತಾಳೆ. ಅಷ್ಟೂ ಹೊತ್ತು ಗುಹೆಯಲ್ಲಿ ಅಡಗಿದ್ದ ರಾಜಕುಮಾರ ಧವಳರಾಯ ಆಗ ಠೀವಿಯಿಂದ ಕುದುರೆಯೇರಿ ಬರುತ್ತಾನೆ. ಕೀಲಿಕೈ ನನಗೆ ಕೊಡು, ನಾನು ಅರಸನ ಮಗ, ಎನ್ನುತ್ತಾನೆ.

ನನ್ನ ಮುನ್ನೂರ ನಾಲ್ಕನೆಯ ಪುಟದ ಕೊನೆಯ ಸಾಲು ಹೀಗಿದೆ: ‘ಕಂಚಬ್ಬೆ ಕೀಲಿಕೈಯನ್ನು ಎತ್ತಿ ಹಿಡಿದಳು. ಧವಳರಾಯ ಕೈ ಚಾಚಿದ. ಅವಳು’. ಪುಟ ತಿರುವಿದರೆ ಮುಂದಿನ ಸಾಲು: ‘ಹೋಳುಗಳಿಗೆ ಹದವಾಗಿ ಉಪ್ಪು ಬೆರೆಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲಿಗೆ ಇಡಬೇಕು.’

ನಗು ಬಂತೇ? ನಗಿ. ನನ್ನ ಜಾಗದಲ್ಲಿದ್ದರೆ ನಗುತ್ತಿರಲಿಲ್ಲ.

ಆದದ್ದು ಇಷ್ಟು. ಪುಸ್ತಕ ಹುಟ್ಟುವುದು ಹಾಳೆ ಹಾಳೆಯಾಗಿ. ದೊಡ್ಡ ಹಾಳೆಯೊಂದರ ಮೇಲೆ ಹದಿನಾರು ಪುಟ ಅಚ್ಚಾಗುತ್ತದೆ, ಅದನ್ನು ಮಡಚಿದರೆ ಒಂದು ಫಾರಂ. ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಪುಸ್ತಕ. ಅವತ್ತು ಬೈಂಡಿಂಗ್ ಕೋಣೆಯಲ್ಲಿ ನನ್ನ ಕೊನೆಯ ಫಾರಂಗಳ ರಾಶಿ ಇತ್ತು. ಪಕ್ಕದಲ್ಲೇ ಒಂದು ಉಪ್ಪಿನಕಾಯಿ ಪುಸ್ತಕದ ರಾಶಿ. ಬೈಂಡರ್ ಯಮನೂರಪ್ಪನಿಗೂ ಅವನ ಷಡ್ಡಕ ಫಕೀರಪ್ಪನಿಗೂ ಗೋಂದಿನ ಡಬ್ಬಿಯ ಮುಚ್ಚಳ ಹಾಕದೆ ಬಿಟ್ಟವರು ಯಾರು ಎಂಬ ವಿಷಯಕ್ಕೆ ಜಗಳ ಹತ್ತಿತು.

‘‘ನೀನ ಬಿಟ್ಟಿ!’’

‘‘ನಾ ಯಾಕ ಬಿಡ್ಲಿ? ಮುಂಜಾನಿಂದ ಡಬ್ಬಿ ಮುಟ್ಟಿಲ್ಲ ನಾ. ನಿನ್ನ ಕೈಯಾಗ ಇತ್ತು!’’

ಯಮನೂರಪ್ಪ ಕಾಲು ಝಾಡಿಸಿದ. ಎರಡೂ ರಾಶಿ ಉರುಳಿದವು. ಮಾಲೀಕ ಬರುವಷ್ಟರಲ್ಲಿ ಇಬ್ಬರೂ ಬೈದುಕೊಳ್ಳುತ್ತಲೇ ಎತ್ತಿಟ್ಟರು. ನನ್ನ ಒಂದು ಫಾರಂ ಆ ರಾಶಿಗೆ ಹೋಯಿತು, ಅದರ ಒಂದು ಈ ರಾಶಿಗೆ ಬಂತು. ಸಾವಿರ ಪ್ರತಿಗಳಲ್ಲಿ ಆ ಗತಿ ಬಂದದ್ದು ನನಗೊಬ್ಬನಿಗೇ. ನನ್ನ ಒಡಹುಟ್ಟಿದವರೆಲ್ಲ ತಮ್ಮ ಕಥೆಯ ಕೊನೆ ತಿಳಿದುಕೊಂಡು ಹಾಯಾಗಿ ಲಾರಿ ಹತ್ತಿದರು. ನಾನು ಉಪ್ಪಿನಕಾಯಿ ಹೊತ್ತುಕೊಂಡು ಹತ್ತಿದೆ. ಕಂಚಬ್ಬೆ ಏನು ಮಾಡಿದಳು? ಕೊಟ್ಟಳೇ, ಕೊಡಲಿಲ್ಲವೇ? ನನ್ನದೇ ಕಥೆ, ನನಗೇ ಗೊತ್ತಿಲ್ಲ. ಹಲ್ಲಿದ್ದರೆ ಆ ಷಡ್ಡಕರ ಕೈ ಕಚ್ಚುತ್ತಿದ್ದೆ.

ಹುಬ್ಬಳ್ಳಿಯ ಮಡಿವಾಳಪ್ಪ ನನ್ನನ್ನು ಕೊಂಡ. ದುರ್ಗದಬೈಲಿನ ಹತ್ತಿರದ ಒಂದು ಸಂದಿಯಲ್ಲಿ ಅವನದು ಬಾಡಿಗೆ ಪುಸ್ತಕಗಳ ಲೈಬ್ರರಿ. ನನ್ನ ಮೈಗೆ ಖಾಕಿ ರಟ್ಟು ಹಾಕಿ, ಬೆನ್ನಿಗೆ ನಂಬರು ಅಂಟಿಸಿ, ನಾಲ್ವರು ಅಣ್ಣಂದಿರ ಪಕ್ಕ ನಿಲ್ಲಿಸಿದ. ಮೊದಲು ನನ್ನನ್ನು ಒಯ್ದವನು ಒಬ್ಬ ಕಾಲೇಜು ಹುಡುಗ. ಮುನ್ನೂರ ನಾಲ್ಕನೆಯ ಪುಟ ಮುಟ್ಟಿದವನೇ ನನ್ನನ್ನು ಗೋಡೆಗೆ ಎಸೆದ. ಎರಡನೆಯವರು ವಕೀಲರು. ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಮೋಸ’ ಎಂದು ಬರೆದು, ಕೆಳಗೆ ಸಹಿ ಬೇರೆ ಹಾಕಿದರು. ಮೂರನೆಯವರ ಮನೆಯಲ್ಲಿ ಬಿಸಿ ಚಹಾದ ಪಾತ್ರೆಯನ್ನು ನನ್ನ ಮುಖದ ಮೇಲೆ ಇಟ್ಟರು. ತಪ್ಪು ಯಾರದು, ಏಟು ಯಾರಿಗೆ! ಆ ಮಡಿವಾಳಪ್ಪನಾದರೂ ಇದು ಕೆಟ್ಟ ಪ್ರತಿ ಎಂದು ಹೇಳಿ ತೆಗೆದಿಟ್ಟನೇ? ಇಲ್ಲ. ಬಂದವರಿಗೆಲ್ಲ ‘‘ಭಾರೀ ಐತ್ರೀ, ಕಡೀ ಪುಟದ ಮಟಾ ಬಿಡಂಗಿಲ್ಲ ನೋಡ್ರಿ’’ ಎಂದು ಹೊಗಳಿ ಕೊಡುತ್ತಿದ್ದ. ನಾಚಿಕೆಯಿಲ್ಲದ ಮನುಷ್ಯ.

ಆಮೇಲೆ ಇಂದುಮತಿ ಬಂದಳು.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಈ ಊರನ್ನು ಆ ಊರಿಗೆ ಜೋಡಿಸುವ ಕೆಲಸ. ತಂದೆ ಇರಲಿಲ್ಲ, ಅಣ್ಣ ಅತ್ತಿಗೆಯ ಮನೆಯಲ್ಲಿದ್ದಳು. ನನ್ನ ನಾಲ್ವರು ಅಣ್ಣಂದಿರನ್ನು ಊಟದ ಬಿಡುವಿನಲ್ಲಿ ಓದಿ ಮುಗಿಸಿ, ನನ್ನನ್ನು ಎದೆಗೆ ಅವಚಿಕೊಂಡು ಮನೆಗೆ ಒಯ್ದಳು. ಅಷ್ಟು ಜೋಪಾನವಾಗಿ ನನ್ನನ್ನು ಯಾರೂ ಹಿಡಿದಿರಲಿಲ್ಲ. ನನಗೆ ಮೈಯೆಲ್ಲ ಉರಿ. ಅಯ್ಯೋ ಮಾರಾಯತಿ, ಇಷ್ಟು ಪ್ರೀತಿ ಮಾಡಬೇಡ, ಮುಂದೆ ಉಪ್ಪಿನಕಾಯಿ ಇದೆ ಎಂದು ಕೂಗಿ ಹೇಳಬೇಕೆನಿಸಿತು. ಬಾಯಿ ಎಲ್ಲಿದೆ?

ಅದೇ ವಾರ ಅವಳಿಗೆ ಬಾಗಲಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಬಟ್ಟೆ ಅಂಗಡಿ. ಒಂದೇ ಕರಾರು, ಹುಡುಗಿ ನೌಕರಿ ಬಿಡಬೇಕು.

‘‘ನಾಳೆ ಅವರಿಗೆ ಹೂಂ ಅನಬೇಕು. ನೀ ಏನಂತಿ?’’ ಎಂದು ಅಣ್ಣ ಕೇಳಿದ.

ಇಂದುಮತಿ ನನ್ನಿಂದ ತಲೆ ಎತ್ತಲಿಲ್ಲ. ‘‘ಈ ಪುಸ್ತಕ ಮುಗೀಲಿ ಅಣ್ಣಾ. ಮುಗದ ಮ್ಯಾಲ ಹೇಳ್ತೀನಿ’’ ಎಂದಳು.

ಅವಳು ತಮಾಷೆಗೆ ಅಂದದ್ದಲ್ಲ. ನೌಕರಿಯೆಂಬ ಕೀಲಿಕೈ ಅವಳ ಕೈಗೂ ಬಂದಿತ್ತು, ಕೇಳುವವನು ಕೈ ಚಾಚಿಯೂ ಆಗಿತ್ತು. ಕಂಚಬ್ಬೆ ಏನು ಮಾಡುತ್ತಾಳೋ ನೋಡಿಯೇ ತೀರ್ಮಾನ ಮಾಡಬೇಕೆಂದು ಕೂತಿದ್ದಳು. ಪುಟ ತಿರುವಿದಳು. ಉಪ್ಪು, ಭರಣಿ, ಬಿಸಿಲು.

ಮರುದಿನ ಲೈಬ್ರರಿಯಲ್ಲಿ ಅವಳ ದನಿ ಸಂದಿಯ ತುದಿಯವರೆಗೆ ಕೇಳಿರಬೇಕು.

‘‘ಏನ್ರೀ ಇದು? ನೀರಬಾಗಲದಾಗ ಉಪ್ಪಿನಕಾಯಿ ಎಲ್ಲಿಂದ ಬಂತ್ರೀ?’’

‘‘ಗದಗಿನವರು ಹಂಗ ಕಳಿಸ್ಯಾರ್ರೀ ಅಕ್ಕಾರ. ನಾ ಏನ್ ಮಾಡ್ಲಿ?’’

‘‘ಗೊತ್ತಿದ್ದೂ ಕೊಟ್ರಲ್ಲ! ಬ್ಯಾರೆ ಪ್ರತಿ ತರಿಸಿ ಕೊಡ್ರಿ. ಅಲ್ಲೀಮಟ ಇದನ್ನ ನಾ ವಾಪಸ್ ಕೊಡಂಗಿಲ್ಲ.’’

ಬೇರೆ ಪ್ರತಿ ಬರಲಿಲ್ಲ. ಅವಳು ಪ್ರಕಾಶಕರಿಗೆ ಬರೆದಳು. ಅವರು ಅಂಗಡಿ ಮುಚ್ಚಿದ್ದರು, ಮಾಸ್ತರರು ತೀರಿಕೊಂಡಿದ್ದರು. ಹಳೆಯ ಪುಸ್ತಕದ ಅಂಗಡಿಗಳಲ್ಲಿ ಮೊದಲ ಸಂಪುಟ ಸಿಗುತ್ತಿತ್ತು, ಮೂರನೆಯದು ಸಿಗುತ್ತಿತ್ತು, ಐದನೆಯದು ಮಾತ್ರ ಎಲ್ಲೂ ಇಲ್ಲ. ಅಣ್ಣ ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: ‘‘ಇನ್ನೂ ಮುಗದಿಲ್ಲ.’’ ಕಾದು ಕಾದು ಬಾಗಲಕೋಟೆಯವರು ಬೇರೆ ಕಡೆ ಮದುವೆ ಮಾಡಿಕೊಂಡರು. ಅಣ್ಣ ನನ್ನನ್ನು ಒಲೆಗೆ ಹಾಕುತ್ತೇನೆಂದು ಎರಡು ಸಲ ಕೈಗೆತ್ತಿಕೊಂಡ. ಇಂದುಮತಿ ನನ್ನನ್ನು ಕಿತ್ತುಕೊಂಡು ಬೇರೆ ಮನೆಯನ್ನೇ ಮಾಡಿದಳು.

ಆಮೇಲೆ ವರ್ಷಗಳು ಉರುಳಿದವು. ಅವಳು ಸೂಪರ್‌ವೈಸರ್ ಆದಳು. ಮಡಿವಾಳಪ್ಪನ ಲೈಬ್ರರಿ ಮೊಬೈಲು ಅಂಗಡಿಯಾಯಿತು. ಅವಳ ಕೂದಲು ಬೆಳ್ಳಗಾಯಿತು, ನನ್ನ ಪುಟ ಹಳದಿಯಾಯಿತು. ಪ್ರತಿ ಬೇಸಿಗೆ ನನ್ನ ಕೊನೆಯ ಪುಟಗಳನ್ನು ತೆರೆದಿಟ್ಟುಕೊಂಡು ಲಿಂಬೆ ಉಪ್ಪಿನಕಾಯಿ ಹಾಕುತ್ತಿದ್ದಳು. ಮೊದಲ ಅರ್ಧ ವಿಧಾನ ನನ್ನಲ್ಲಿಲ್ಲ, ಅದನ್ನು ತನ್ನ ಬುದ್ಧಿಯಿಂದಲೇ ಕೂಡಿಸಿಕೊಂಡಳು. ಭಾರೀ ರುಚಿಯಂತೆ. ಎಲ್ಲರೂ ಹೊಗಳಿದರು. ನನಗೆ ಮಾತ್ರ ಅವಮಾನ. ಮೋಡದ ಮೇಲಿನ ಹೊಳೆಗಳನ್ನು ಹೊತ್ತವನು ನಾನು, ನನ್ನ ಮೈಗೆ ಮೆಂತ್ಯದ ಪುಡಿ!

ಒಂದು ಮಧ್ಯಾಹ್ನ ಸ್ಟೇಷನ್ ರಸ್ತೆಯ ಒಂದು ಖಾನಾವಳಿಗೆ ಅವಳು ಊಟಕ್ಕೆ ಹೋದಳು. ಎಂದಿನಂತೆ ನಾನು ತಟ್ಟೆಯ ಪಕ್ಕ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಬಡಿಸುತ್ತಿದ್ದವಳು ಖಾನಾವಳಿಯ ಒಡತಿ ದಾಕ್ಷಾಯಣವ್ವ, ಇಂದುಮತಿಯ ವಯಸ್ಸಿನವಳೇ.

‘‘ಎಲ್ಲಾ ಛಲೋ ಐತಿ ನೋಡವ್ವಾ. ಲಿಂಬಿ ಉಪ್ಪಿನಕಾಯಿ ಒಂದ ಇಲ್ಲ’’ ಎಂದಳು ಇಂದುಮತಿ.

ದಾಕ್ಷಾಯಣವ್ವ ಪಲ್ಯದ ಪಾತ್ರೆಯನ್ನು ದಪ್ ಎಂದು ಕೆಳಗಿಟ್ಟಳು. ‘‘ನನ್ನ ಮುಂದ ಅದರ ಹೆಸರ ತಗೀಬ್ಯಾಡ್ರಿ! ಮದುವಿಯಾದ ವರ್ಷ ಪುಸ್ತಕ ನೋಡಿ ಹಾಕ್ಲಿಕ್ಕೆ ಹ್ವಾದೆ. ಲಿಂಬಿಹಣ್ಣು ತೊಳದು ಒರಸಿ ಹೋಳು ಮಾಡ್ರಿ ಅಂತ ಬರದಾನ. ಮುಂದಿನ ಪುಟಾ ತಿರುವಿದ್ರ ಯಾವಾಕಿನೋ ಯಾವನ್ದೋ ಕಾಲಿಗೆ ಬಿದ್ದಾಳ! ಉಪ್ಪು ಎಷ್ಟು, ಬಿಸಿಲು ಎಷ್ಟು, ಒಂದೂ ಇಲ್ಲ. ಭರಣಿ ತುಂಬ ಬೂಷ್ಟ ಬಂತು. ನಮ್ಮತ್ತಿ ಸಾಯೂತನಾ ಅದನ್ನ ಎತ್ತಿ ಆಡಿದಳು.’’

ಇಂದುಮತಿಯ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ‘‘ಯಾರ ಕಾಲಿಗೆ?’’

‘‘ಯಾವನೋ ಧವಳರಾಯ.’’

ನನ್ನ ಬೆನ್ನಿನ ಹೊಲಿಗೆ ಬಿಚ್ಚಿಹೋದಂತಾಯಿತು.

ದಾಕ್ಷಾಯಣವ್ವ ಒಳಗಿನಿಂದ ಎಣ್ಣೆ ಕಲೆಯ ಆ ಉಪ್ಪಿನಕಾಯಿ ಪುಸ್ತಕ ತಂದಳು. ಇಂದುಮತಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅದರ ನಡುವೆ ಕೂತಿದ್ದ ನನ್ನ ಸ್ವಂತ ಪುಟಗಳನ್ನು ಗಟ್ಟಿಯಾಗಿ ಓದಿದಳು. ‘‘‘ಮರುಮಾತಿಲ್ಲದೆ ಕೀಲಿಕೈಯನ್ನು ಧವಳರಾಯನ ಪಾದಗಳ ಬಳಿ ಇಟ್ಟು ನಮಿಸಿದಳು. ಹೆಣ್ಣಿನ ಕೈಗೆ ಬಳೆಯೇ ಸಾಕು ಪ್ರಭು, ಇದರ ಭಾರ ನಿಮ್ಮಂಥವರಿಗೇ ಸರಿ ಎಂದಳು.’’’ ಅಷ್ಟೇ. ಅಲ್ಲಿಂದ ಮುಂದೆ ಪಟ್ಟಾಭಿಷೇಕ. ಆನೆ, ಛತ್ರಿ, ಚಾಮರ, ಹೋಳಿಗೆ ಊಟ. ಕಂಚಬ್ಬೆಯ ಹೆಸರು ಮತ್ತೆ ಬರುವುದೇ ಇಲ್ಲ.

ಥೂ! ಇದಕ್ಕಾಗಿ ನಾನು ಇಷ್ಟು ವರ್ಷ ಉರಿದೆನೇ? ಎರಡು ಬೆರಳು ಕೊಟ್ಟು ಪಡೆದದ್ದನ್ನು ಗುಹೆಯಲ್ಲಿ ಅಡಗಿದ್ದವನ ಕಾಲಿಗೆ ಇಡಿಸಲು ಆ ಮಾಸ್ತರರಿಗೆ ಮನಸ್ಸಾದರೂ ಹೇಗೆ ಬಂತು? ಐದು ಸಂಪುಟ ಅವಳನ್ನು ಬೆಳೆಸಿದರು, ಕೊನೆಯ ಹದಿನಾರು ಪುಟದಲ್ಲಿ ಅವಳಿಗೇ ಹೆದರಿಬಿಟ್ಟರು. ಷಡ್ಡಕರ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಕ್ಷಣಕ್ಕೆ ಮಾಸ್ತರರ ಮೇಲೆ ತಿರುಗಿತು.

ಇಂದುಮತಿಯ ಮುಖ ಕೆಂಪಾಗಿತ್ತು. ‘‘ಈ ಹಾಳಿ ಅವತ್ತ ನನ್ನ ಕೈಗೆ ಸಿಕ್ಕಿದ್ರ, ನಾನೂ ಕೊಟ್ಟು ಕೂತಿರ್ತಿದ್ದೆ’’ ಎಂದಳು. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು.

‘‘ಯಾರವ್ವಾ ಇಕಿ?’’ ಎಂದು ದಾಕ್ಷಾಯಣವ್ವ ಎದುರು ಕೂತಳು. ‘‘ಇಷ್ಟು ವರ್ಷ ನಾ ಇಕೀನ್ನ ಬೈಕೋತ ಬಂದೀನಿ. ಯಾಕ ಬಿದ್ಲು ಅಂವನ ಕಾಲಿಗೆ? ಅದರ ಹಿಂದಿಂದು ನನಗ ಗೊತ್ತಿಲ್ಲ.’’

ಇಂದುಮತಿ ಹೇಳತೊಡಗಿದಳು. ಗಿರಾಕಿಗಳು ಮಜ್ಜಿಗೆ ಕೇಳಿ ಕೇಳಿ ತಾವೇ ಬಡಿಸಿಕೊಂಡರು. ಕಂಚುಗಾರನ ಮನೆ, ಹದ್ದುಗಳು, ಉಪ್ಪಿನ ಮರುಭೂಮಿ, ಕಡಿದುಹೋದ ಬೆರಳು, ಗುಹೆಯೊಳಗಿನ ಧವಳರಾಯ, ಎಲ್ಲವನ್ನೂ ದಾಕ್ಷಾಯಣವ್ವ ಸೌಟು ಹಿಡಿದುಕೊಂಡೇ ಕೇಳಿದಳು. ಕೇಳಿ ಮುಗಿಸಿ ಸೌಟನ್ನು ಮೇಜಿಗೆ ಬಡಿದಳು.

‘‘ಸುಳ್ಳು! ಅಂಥಾಕಿ ಕೊಡಾಕಿ ಅಲ್ಲ. ಬರದಾಂವ ಸುಳ್ಳ ಬರದಾನ.’’

ಅವಳು ಈಳಿಗೆ ತಂದು ಆ ಫಾರಮ್ಮನ್ನು ತನ್ನ ಪುಸ್ತಕದಿಂದ ಬಿಡಿಸಿ ಇಂದುಮತಿಯ ಮುಂದೆ ಇಟ್ಟಳು. ‘‘ನಿಮ್ಮದು ನೀವು ತಗೋರಿ. ಹೊಲಿಸ್ತೀರೇನು ಇದನ್ನ?’’

ಹುಟ್ಟಿದಾಗಿನಿಂದ ಬೇಡಿದ ಪುಟಗಳು ನನ್ನಿಂದ ಒಂದು ಗೇಣು ದೂರದಲ್ಲಿದ್ದವು. ಬೇಡ, ಎಂದೆ ನಾನು. ಬೇಡ ಇಂದುಮತಿ, ನನಗೆ ಹೊಲಿಯಬೇಡ.

‘‘ಹೊಲಿಸೂದಿಲ್ಲ. ನಡೀರಿ, ನಿಮಗ ಉಪ್ಪಿನಕಾಯಿ ಹಾಕೂದು ತೋರಸ್ತೀನಿ’’ ಎಂದಳು ಅವಳು.

ಆ ಬೇಸಿಗೆ ಇಬ್ಬರೂ ಸೇರಿ ಖಾನಾವಳಿಯ ಮಾಳಿಗೆಯ ಮೇಲೆ ದೊಡ್ಡ ಭರಣಿ ತುಂಬಿಸಿದರು. ಬಟ್ಟೆಯ ಕೆಳಗೆ ಹಾಕಲು ಕಾಗದ ಬೇಕಾಯಿತು. ಮಾಸ್ತರರ ಪಟ್ಟಾಭಿಷೇಕ, ಆನೆ, ಛತ್ರಿ ಎಲ್ಲವನ್ನೂ ನಾಲ್ಕು ಮಡಿಕೆ ಮಾಡಿ ಭರಣಿಯ ಬಾಯಿಗೆ ಹಾಕಿ ದಾರದಿಂದ ಬಿಗಿದು ಕಟ್ಟಿದರು. ಉಪ್ಪು ತಿಂದು ಅಕ್ಷರ ಅಳಿಸಿಹೋದವು. ಉಪ್ಪಿನಕಾಯಿಗೆ ಈಗ ದೂರದಿಂದ ಗಿರಾಕಿಗಳು ಬರುತ್ತಾರೆ.

ನಾನೀಗ ಆ ಖಾನಾವಳಿಯ ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆಯಲ್ಲಿದ್ದೇನೆ. ರಟ್ಟು ಸಡಿಲವಾಗಿದೆ, ಹುಳ ಅಂಚು ತಿಂದಿವೆ, ಮೈಯೆಲ್ಲ ಒಗ್ಗರಣೆಯ ವಾಸನೆ. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಇಂದುಮತಿ ಬಂದು ನನ್ನನ್ನು ಇಳಿಸಿ ದಾಕ್ಷಾಯಣವ್ವನಿಗೆ ಓದಿ ಹೇಳುತ್ತಾಳೆ, ಮುನ್ನೂರ ನಾಲ್ಕನೆಯ ಪುಟಕ್ಕೆ ಬಂದು ನಿಲ್ಲಿಸುತ್ತಾಳೆ. ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ. ಕೀಲಿಕೈ ಕಂಚಬ್ಬೆಯ ಕೈಯಲ್ಲೇ ಇದೆ. ಧವಳರಾಯ ಇನ್ನೂ ಕೈ ಚಾಚಿಕೊಂಡು ನಿಂತಿದ್ದಾನೆ. ನಿಂತಿರಲಿ. ಕೈ ನೋಯಲಿ ಅವನಿಗೆ.