ಕಲಾಯಿ ತಪ್ಪಲೆಯ ನೀರು

ಹಲಸಿನ ಸಿಪ್ಪೆಯನ್ನು ಸುಟ್ಟು, ಆ ಇದ್ದಿಲನ್ನು ನುಣ್ಣಗೆ ಅರೆದು, ಬೆರಳುದ್ದದ ಕೊಳವೆಯಲ್ಲಿ ತುಂಬಿ ಮಾಡಿದ ಕಡ್ಡಿ ಅದು. ನೀರಿನಲ್ಲಿ ಅದ್ದಿ ಕರೆಂಟು ಹಾಯಿಸಿದರೆ, ಸೀಸವಿದ್ದಲ್ಲಿ ಪರದೆಯ ಗೆರೆ ಗುಡ್ಡದ ಹಾಗೆ ಏಳಬೇಕು. ಮೇಘಾ ಎರಡು ವರ್ಷದಿಂದ ಇದರ ಬೆನ್ನು ಹತ್ತಿದ್ದಳು. ಸಿಪ್ಪೆ ಕಣಕುಂಬಿಯ ಕಾಡಿನದು, ಪ್ರಯೋಗಾಲಯ ಬೆಳಗಾವಿಯ ಕಾಲೇಜಿನದು, ಹಟ ಮಾತ್ರ ಅವಳದೇ.

ಆ ಸೋಮವಾರ ಗುಡ್ಡ ಎದ್ದೇಬಿಟ್ಟಿತು! ಆದರೆ ಯಾವ ನೀರಿನಲ್ಲಿ? ಖಾನಾಪುರದ ಸ್ವಂತ ಮನೆಯ ಬಾವಿಯದರಲ್ಲಿ. ಅಜ್ಜಿ ರತ್ನಮಾಲಾ ಬಾಟಲಿ ತುಂಬಿ ಬಸ್ಸಿಗೆ ಕೊಟ್ಟು ಕಳಿಸಿದ್ದು. ಮೇಘಾ ಎದ್ದೆನೋ ಬಿದ್ದೆನೋ ಎಂದು ಊರಿಗೆ ಓಡಿ, ತಾನೇ ನೀರು ಸೇದಿ ತಂದಳು. ಈ ಸಲ ಗೆರೆ ಸಪಾಟು.

“ಒಂದ ಬಾವಿ, ಎರಡ ಮಾತು,” ಎಂದರು ಅವಳ ಗುರು ಶಾಕಿರ ಸರ್. “ನಿನ್ನ ಹಲಸಿನ ನಾಲಿಗಿ ನೆಟ್ಟಗಿಲ್ಲ. ಶುಕ್ರವಾರದ ತನಕಾ ನೋಡೂಣು. ಆಮ್ಯಾಲೆ ಸಂಶೋಧನಾಕ್ಕ ಬ್ಯಾರೆ ವಿಷಯ ಹಿಡಿ.”

ಮೇಘಾ ಅಜ್ಜಿಗೆ ಫೋನು ಹಚ್ಚಿದಳು. “ಆಯಿ, ಆ ಬಾಟ್ಲಿ ಸೀದಾ ಬಾವಿಯಿಂದ ತುಂಬಿದ್ದಿ, ಹೌದಿಲ್ಲೋ?”

“ಅಯ್ಯ, ಸೋಸದ ನೀರು ಕೊಡ್ತಾರೇನ? ನೀ ಅದಕ್ಕ ಕರೆಂಟ್ ಬ್ಯಾರೆ ಕೊಡಾಕಿ! ಅದರಾಗಿನ ಜೀವಾ ಸತ್ತ ಪಾಪ ಯಾರಿಗೆ? ಧೋತರದ ಅರಿವೀಲೆ ಸೋಸಿ, ಅರಿವ್ಯಾಗ ಉಳದದ್ದು ಬಾವಿಗೇ ಬಿಟ್ಟು, ನೀರು ಕಾಸಿ ಆರಿಸಿ ತುಂಬೀನಿ.”

“ಯಾತರಾಗ ಕಾಸಿದಿ?”

“ತಾಮ್ರದ ತಪ್ಪಲೀದಾಗ. ಮೊನ್ನೆ ಹೊಸಾ ಕಲಾಯಿ ಹಾಕಿಸೀನಿ. ಬೆಳ್ಳಿಹಂಗ ಹೊಳೀತದ!”

ಮೇಘಾ ಸ್ಟೂಲು ಉರುಳಿಸಿಕೊಂಡೇ ಎದ್ದಳು. ಕಲಾಯಿಯ ತವರಕ್ಕೆ ಅಗ್ಗದ ಸೀಸ ಬೆರೆಸುವುದುಂಟು!

“ಆಯಿ, ಅದರಾಗಿನ ನೀರು ಕುಡೀಬ್ಯಾಡ!”

“ಸೋಸೀನಿ ಅಂದೆಲ್ಲ?”

“ಸೀಸಾ ಅರಿವಿಗೆ ಸಿಗೂದಿಲ್ಲ ಆಯಿ!”

ಶುಕ್ರವಾರ ಶಾಕಿರ ಸರ್ ತಾವೇ ಯಂತ್ರದ ಡಬ್ಬಿ ಹಿಡಿದು ಮೇಘಾಳ ಜೊತೆ ಖಾನಾಪುರದ ಮನೆಯ ಬಾವಿಕಟ್ಟೆಗೆ ಬಂದು ಕೂತರು. ಬಾವಿಯಿಂದ ಸೇದಿದ ನೀರಿಗೆ ಗೆರೆ ಅಲುಗಲಿಲ್ಲ. ಅದೇ ನೀರನ್ನು ತಪ್ಪಲೆಯಲ್ಲಿ ಕಾಸಿ ಅದ್ದಿದಾಗ ಗುಡ್ಡ ಎದ್ದಿತು. ಮತ್ತೊಮ್ಮೆ ಮಾಡಿಸಿದರು, ಮತ್ತೂ ಎದ್ದಿತು.

“ಸುಭಾನಲ್ಲಾ!” ಎಂದರು ಸರ್. ಅಜ್ಜಿ ಕೈಜೋಡಿಸಿ ಜಿನನನ್ನು ನೆನೆದಳು; ತಪ್ಪಲೆಯನ್ನು ಆ ಕ್ಷಣವೇ ಹಿತ್ತಿಲಿಗಿಟ್ಟಳು.

ಸುದ್ದಿ ಓಣಿಯಲ್ಲಿ ಹಬ್ಬಲು ಎಷ್ಟು ಹೊತ್ತು? ಬಾಜು ಮನೆಯ ಕಾಡವ್ವ ತನ್ನ ಕಲಾಯಿ ಬೋಗುಣಿಯಲ್ಲಿ ಕಾಸಿದ ನೀರು ಹೊತ್ತು, ಸೆರಗು ಸಿಕ್ಕಿಸಿಕೊಂಡೇ ಬಂದಳು. ಹಿಂದೆ ಇನ್ನೂ ನಾಲ್ಕು ಮಂದಿ.

“ಸರ್ರ, ನಂದು ಮೊದಲ ನೋಡ್ರಿ!”

ಶಾಕಿರ ಸರ್ ಯಂತ್ರದ ಮುಂದಿನಿಂದ ಎದ್ದು, ಆ ಜಾಗವನ್ನು ಮೇಘಾಳಿಗೆ ಬಿಟ್ಟುಕೊಟ್ಟರು.

“ನನ್ನ ಯಾಕ ಕೇಳ್ತೀರಿ ತಾಯಿ? ಕಡ್ಡಿ ಆಕೀದು. ಆಕೀನ್ನ ಕೇಳ್ರಿ.”