ಕವಚ ತೊಟ್ಟ ಸೋಫಾ

ಊರಿನವರ ಸೋಫಾಗಳ ಹೊಟ್ಟೆ ಬಗೆದು ಮತ್ತೆ ತುಂಬುವುದು ಅವನ ಕಸುಬು. ಸವೆದ ಮೆತ್ತೆಯ ತಗ್ಗನ್ನು ಮುಟ್ಟಿ ನೋಡಿ, "ಇಲ್ಲಿ ಯಜಮಾನ್ರು, ಎಡಕ್ಕೆ ವಾಲ್ಕೊಂಡು. ಈ ಮೂಲೆ ಅತ್ತೇದು. ಸೊಸೆ ಆ ತುದೀಲಿ" ಎಂದು ಮನೆಯ ರಾಜಕೀಯವನ್ನೇ ಹೇಳಿಬಿಡುತ್ತಿದ್ದ. ಅವನ ಸ್ವಂತ ಸೋಫಾದಲ್ಲಿ ಮಾತ್ರ ತಗ್ಗೇ ಇರಲಿಲ್ಲ. ಮದುವೆಯಾದ ವರ್ಷ ಕೈಯಾರೆ ಮಾಡಿದ ಕಡುನೀಲಿ ಮಖಮಲ್ಲಿನ ಸೋಫಾ ಅದು. ಅಂದು ತೊಡಿಸಿದ ದಪ್ಪ ಪ್ಲಾಸ್ಟಿಕ್ ಕವಚವನ್ನು ಅವನು ಇಂದಿಗೂ ಕಳಚಿರಲಿಲ್ಲ. ಅಪರೂಪಕ್ಕೆ ಯಾರಾದರೂ ತುದಿಯಲ್ಲಿ ಕೂತರೆ ಬೆನ್ನು ಬೆವರುತ್ತಿತ್ತು. ಎದ್ದರೆ 'ಕಿರ್ರ್‌ಪರ್ರ್' ಎಂದು ಮಾನ ಕಳೆಯುತ್ತಿತ್ತು. ಹೆಂಡತಿ ಆ ಸದ್ದನ್ನು ಬಾಯಲ್ಲೇ ಹೊರಡಿಸಿ, "ನಿಮ್ಮ ಹಿರಿಮಗ ಕರೀತಿದಾನೆ" ಎನ್ನುತ್ತಿದ್ದಳು.

ಅವನನ್ನು ಎತ್ತಿ ಆಡಿಸಿದ ಅಕ್ಕ ಪ್ರತಿ ಭಾನುವಾರ ಬರುತ್ತಿದ್ದಳು. "ಬೇಡಪ್ಪ, ಅದು ಶೋಕೇಸ್ ಸಾಮಾನು" ಎಂದು ನೆಲದ ಚಾಪೆಯ ಮೇಲೇ ಕೂರುತ್ತಿದ್ದಳು. ಒಂದು ಭಾನುವಾರ ಏಳಲು ಹೋದಾಗ ಮೊಣಕಾಲು ಕೈಕೊಟ್ಟಿತು. ಗಂಡಹೆಂಡತಿ ಆಚೆ ಈಚೆ ನಿಂತು ಎತ್ತಬೇಕಾಯಿತು.

"ಇನ್ನು ಸಾಕು ಕಣೋ. ಕ್ರೇನ್ ತರಿಸೋ ಸ್ಥಿತಿ ಬಂದ್ಮೇಲೆ ನೆಂಟರ ಮನೆಗೆ ಹೋಗ್ಬಾರ್ದು. ಫೋನಲ್ಲೇ ಮಾತಾಡೋಣ."

"ಕುರ್ಚಿ ಹಾಕ್ತೀನಕ್ಕ."

"ಸೋಫಾ ಮಾಡೋನ ಮನೇಲಿ ಕುರ್ಚಿ ಮೇಲೆ ಕೂರೋಕೆ ನಾನೇನು ಮೀಟರ್ ಓದೋಕೆ ಬಂದೋಳಾ?"

ಅಕ್ಕ ನಕ್ಕಳು. ಅವನಿಗೆ ನಗು ಬರಲಿಲ್ಲ. ಫೋನಿನಲ್ಲಿ ಬರುವ ಅಕ್ಕನಿಗೆ ತಲೆ ಸವರುವ ಕೈ ಇರುವುದಿಲ್ಲ. ಅವಳು ಚಪ್ಪಲಿಗೆ ಕಾಲು ಚಾಚುವಷ್ಟರಲ್ಲಿ ಅವನು ಕತ್ತರಿ ತಂದು, ಪ್ಲಾಸ್ಟಿಕ್ಕನ್ನು ಈ ತುದಿಯಿಂದ ಆ ತುದಿಗೆ ಸೀಳಿಬಿಟ್ಟ. ಮಖಮಲ್ಲು ಮೊದಲ ದಿನದಂತೆಯೇ ಮಿರುಗಿತು.

"ಕೂತ್ಕೋ."

ಅಕ್ಕ ಸಂಕೋಚದಿಂದ ಕೂತಳು. ಕೂತವಳು ಇಳಿದಳು, ಇಳಿಯುತ್ತಲೇ ಹೋದಳು. ಅಡಿಯಿಂದ ಹಳದಿ ಪುಡಿ ಸುರಿಯಿತು. ಗಾಳಿಯಾಡದ ಕವಚದೊಳಗೆ ಫೋಮು ಸತ್ತು, ಒಣಗಿದ ಬಿಸ್ಕತ್ತಾಗಿತ್ತು.

ಹೆಂಡತಿ, ಅಂಗಡಿಯಲ್ಲಿ ಅವನು ಗಿರಾಕಿಗಳೊಂದಿಗೆ ಆಡುವ ದನಿಯನ್ನೇ ತೆಗೆದಳು: "'ದಿನಾ ಕೂತ್ರೆ ಬಾಳಿಕೆ ಬರುತ್ತೆ ಮೇಡಂ, ಮುಚ್ಚಿಟ್ರೆ ಪುಡಿಯಾಗುತ್ತೆ.' ಯಾರೋ ದೊಡ್ಡ ಮನುಷ್ಯರು ಹೇಳಿದ್ದು."

"ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು" ಎಂದು ಗುಂಡಿಯೊಳಗಿನಿಂದಲೇ ಅಕ್ಕ ದನಿಗೂಡಿಸಿದಳು. ಅವಳನ್ನು ಮತ್ತೆ ಎತ್ತುವಷ್ಟರಲ್ಲಿ ಮೂವರ ಕಣ್ಣಲ್ಲೂ ನೀರು, ನಗೆಯದ್ದು. ಹೊರಡುವ ಮೊದಲು ಅವನು ಟೇಪು ತಂದು ಅವಳ ಪಾದದಿಂದ ಮೊಣಕಾಲಿಗೆ ಅಳತೆ ತೆಗೆದುಕೊಂಡ. "ಮುಂದಿನ ವಾರ ಒಂದೇ ಒಂದು ಸಲ ಬಾ" ಎಂದ.

ವಾರವಿಡೀ ಸಂಜೆ ಹೊತ್ತು ಗಟ್ಟಿ ನಾರು ತುಂಬಿ ಸೀಟನ್ನು ಎತ್ತರಿಸಿದ. ಎತ್ತರಿಸಿದ್ದಕ್ಕೆ ಮಖಮಲ್ಲು ಸಾಲದಾಯಿತು. ಆ ಬಣ್ಣ ಈಗ ಎಲ್ಲೂ ಸಿಗುವುದಿಲ್ಲ. ಯಾರದೋ ಸೋಫಾದಲ್ಲಿ ಉಳಿದ ಕಂದು ಬಟ್ಟೆಯ ಪಟ್ಟಿಯನ್ನು ಸುತ್ತಲೂ ಜೋಡಿಸಿದ. "ರಾಜನ ಅಂಗಿಗೆ ಗೋಣಿ ತೇಪೆ" ಎಂದಳು ಹೆಂಡತಿ.

ಭಾನುವಾರ ಅಕ್ಕ ಕೂತು ಟೀ ಕುಡಿದಳು. ಲೋಟ ಕೆಳಗಿಟ್ಟು, ಮೊಣಕಾಲ ಮೇಲೆ ಅಂಗೈ ಊರಿ ಎದ್ದು ನಿಂತಳು. ಹಿಡಿಯಲೆಂದು ಅವನು ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

"ಎಲ್ಲಿಗಕ್ಕ, ಆಗಲೇ?"

"ಎಲ್ಲಿಗೂ ಇಲ್ಲ ಕಣೋ. ಏಳೋಕಾಗುತ್ತಾ ಅಂತ ನೋಡ್ದೆ" ಎಂದು ಮತ್ತೆ ಕೂತಳು.